ಉಂಡು ನೀರಿಗಿಳಿಯಬಹುದೇ?

ರಾಜ್ಯೋತ್ಸವದ ವೇದಿಕೆ ಬಿಚ್ಚುವಾಗಲೇ ಮುಂದಿನ ಭಾನುವಾರ ಗೋವೆಯ ಕೋಲ್ವಾ ಕಡಲತೀರದಲ್ಲಿ ನಡೆಯುವ ನಮ್ಮ ಸಂಘದ ವನಭೋಜನದ ಮಾತು ಬಂತು. ಕನ್ನಡ ತರಗತಿಯ ಬಾಲಕಿಯೊಬ್ಬಳು, "ಉಂಡು ನೀರಿಗಿಳಿದರ ಮುಳುಗ್ತಾರಂತ ಅಜ್ಜಿ ಹೇಳ್ತಾಳ, ಹಂಗಾದ್ರ ಮೀನು ಯಾವಾಗ ಉಣ್ತಾವ?" ಎಂದು ಕೇಳಿದಳು. ಪುಟಗಳು ಇಂದು ರಾತ್ರಿಯೇ ಅಚ್ಚಿಗೆ ಹೋಗಬೇಕಾದ್ದರಿಂದ ಅವಳಿಗೆ ಕೊಡಬೇಕಾದ ಉತ್ತರವೇ ಈ ಸಲದ ಸಂಪಾದಕೀಯ.

ಬೈಲಹೊಂಗಲದ ಕಡೆಯ ನಮ್ಮ ಹೊಲದ ಬಾವಿಯಲ್ಲಿಯೂ ಇದೇ ಕಟ್ಟಳೆಯಿತ್ತು. ನಮ್ಮ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ನಮ್ಮ ನಡುವಿಗೆ ಬಿಗಿದ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಕಾಕಾ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬುತ್ತಿಗಂಟು ಬೇವಿನ ಕೊಂಬೆಯಲ್ಲಿ ತೂಗುತ್ತಿತ್ತು. ಅದಕ್ಕೆ ಮೊದಲೇ ಕೈ ಹಾಕಿದವನಿಗೆ ಆ ದಿನ ಈಜಿಲ್ಲ. ತುಟಿ ನೀಲಿಗಟ್ಟುವವರೆಗೆ ನೀರಲ್ಲಿದ್ದು ಮೇಲೆ ಬಂದು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರುಗಳನ್ನು ಒದ್ದೆ ಕೈಯಲ್ಲೇ ಉಂಡ ರುಚಿ ಗೋವೆಯ ಯಾವ ಹೋಟೆಲಿನಲ್ಲಿಯೂ ಸಿಕ್ಕಿಲ್ಲ.

ಊಟವೇ ಮುಳುಗಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕನ್ ರೆಡ್ ಕ್ರಾಸ್‌ನ ವೈಜ್ಞಾನಿಕ ಸಲಹಾ ಮಂಡಳಿ 2011ರಲ್ಲಿಯೇ ಹೇಳಿದೆ. ಹೊಟ್ಟೆ ಬಿರಿಯುವಂತೆ ಉಂಡವರಿಗೆ ವಾಕರಿಕೆ ಬರಬಹುದು, ಅಷ್ಟೆ. ಕಾಕಾ ನಮ್ಮನ್ನು ಕಾಯ್ದದ್ದು ಹಗ್ಗದಿಂದ. ಹಸಿವಿನ ನಿಯಮ ಬುತ್ತಿ ಉಳಿಸುವ ಉಪಾಯವಾಗಿದ್ದಿರಲೂ ಬಹುದು.

ನಿಜವಾಗಿ ಭಯಪಡಬೇಕಾದದ್ದು ಮದ್ಯಕ್ಕೆ. ಅದು ಅಂದಾಜು ತಪ್ಪಿಸಿ, ಕೈಕಾಲುಗಳ ಹಿಡಿತ ಸಡಿಲಿಸಿ, ಇಲ್ಲದ ಧೈರ್ಯ ಕೊಡುತ್ತದೆ. ಹೊರಗೆ ಬಂದ ಮೇಲೆ ಕುಡಿಯೋಣವೆನ್ನುವವರೂ ಗಮನಿಸಬೇಕು: ಪ್ರವಾಸಿ ತಾಣಗಳ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಗೋವೆಯ ಕಡಲತೀರದಲ್ಲಿ ಕುಡಿಯುವುದಕ್ಕೂ ಒಲೆ ಹಚ್ಚುವುದಕ್ಕೂ ದಂಡವಿದೆ. ಆದ್ದರಿಂದ ಅಡುಗೆ ಮನೆಯಿಂದಲೇ ಬರಲಿ. ಬಿಸಿಲಿನಲ್ಲಿ ಈಜುವಾಗಲೂ ಮೈ ಬೆವರುತ್ತದೆ, ನೀರಿನಲ್ಲಿರುವುದರಿಂದ ತಿಳಿಯುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲನೀರು ಬಾಯಿಗೆ ಹೋದಷ್ಟೂ ದಾಹ ಹೆಚ್ಚುತ್ತದೆ. ಕುಡಿಯುವ ನೀರು, ಮಜ್ಜಿಗೆ ಧಾರಾಳವಾಗಿ ತನ್ನಿ. ಭೇದಿಯಾಗುತ್ತಿರುವ ಮಕ್ಕಳನ್ನು ಈಜುಕೊಳಕ್ಕೆ ಕಳಿಸಬೇಡಿ. ಕೆಲವು ರೋಗಾಣುಗಳು ಕ್ಲೋರಿನ್ ಹಾಕಿದ ನೀರಿನಲ್ಲಿಯೂ ದಿನಗಟ್ಟಲೆ ಬದುಕುತ್ತವೆ.

ಕಡಲಿನಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಬರಿಯ ಕೆಂಪು ಬಾವುಟವಿದ್ದಲ್ಲಿ ಕಾಲೂ ಇಡಬಾರದು. ಸೆಳೆತಕ್ಕೆ ಸಿಕ್ಕವರು ದಡದತ್ತ ಎದುರೀಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಆಗದಿದ್ದರೆ ತೇಲುತ್ತಾ ಕೈಯೆತ್ತಿ ಜೀವರಕ್ಷಕರನ್ನು ಕರೆಯಬೇಕು.

ಬಸ್ಸು ಬೆಳಿಗ್ಗೆ ಸಂಘದ ಕಚೇರಿಯಿಂದ ಹೊರಡುತ್ತದೆ, ಸಮಯ ಕೊನೆಯ ಪುಟದಲ್ಲಿದೆ. ಅಂದು ಕನ್ನಡ ತರಗತಿ ಇರುವುದಿಲ್ಲ. ಸದಸ್ಯತ್ವದ ಬಾಕಿಯನ್ನು ಬಸ್ಸಿನಲ್ಲಿಯೇ ಕಟ್ಟಬಹುದು. ಬಡಿಸುವುದಕ್ಕೆ ಪ್ರತಿ ಸಲವೂ ಬೇಕಾದಷ್ಟು ಕೈಗಳಿರುತ್ತವೆ. ಈ ಬಾರಿ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಮೊಬೈಲ್ ನೋಡದೆ ದಡದಲ್ಲಿ ನಿಲ್ಲಲು, ಸರದಿಯ ಮೇಲೆ, ಈಜು ಬಲ್ಲ ಹಿರಿಯರು ಬೇಕು. ದಯವಿಟ್ಟು ಶುಕ್ರವಾರದೊಳಗೆ ಹೆಸರು ಕೊಡಿ. ಈ ಪತ್ರಿಕೆಯ ಕರಡು ತಿದ್ದಲು ಒಬ್ಬರು ಸಿಕ್ಕರೂ ಉಪಕಾರವಾಗುತ್ತದೆ.