ಗೆಳೆಯನಿಗೊಂದು ಪತ್ರ: ಮಳೆ ಬಂದರೂ ಬೇರಿಗೆ ಸಿಗದಿದ್ದರೆ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, "ಹವಾಮಾನ ಬದಲಾದರೆ ರೈತರೂ ಬೆಳೆ ಬದಲಿಸಿದರಾಯ್ತು, ಅಲ್ವಾ?" ಅಂತ. ಆಗ ಗಡಿಬಿಡಿಯಲ್ಲಿದ್ದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ.

ರೈತರು ಯಾವತ್ತೂ ಕಾಲಕ್ಕೆ ತಕ್ಕ ಹಾಗೆ ಬದಲಾದವರೇ. ಈಗ ಕಾಲವೇ ಲೆಕ್ಕಕ್ಕೆ ಸಿಗುತ್ತಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಆಮೇಲೆ ವಾರಗಟ್ಟಲೆ ಕೈಕೊಡುತ್ತದೆ. ವರ್ಷದ ಲೆಕ್ಕದಲ್ಲಿ ಮಳೆ ಸರಿಯಾಗೇ ಇರಬಹುದು. ಬೇರಿಗೆ ಮಾತ್ರ ಸಿಕ್ಕಿರುವುದಿಲ್ಲ. ಭತ್ತ ಹೂ ಬಿಡುವ ಹೊತ್ತಿಗೆ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ. ನೋಡುವುದಕ್ಕೆ ಪೈರು ಹಸಿರಾಗೇ ಇರುತ್ತದೆ. ತೆನೆ ಹಿಚುಕಿದಾಗಲೇ ಜೊಳ್ಳು ಅಂತ ಗೊತ್ತಾಗುವುದು. ಅಷ್ಟರಲ್ಲಿ ಬೀಜ, ಗೊಬ್ಬರ, ಕೂಲಿ ಅಂತ ಕೈಲಿದ್ದ ದುಡ್ಡೆಲ್ಲ ಮಣ್ಣಿಗೆ ಹೋಗಿರುತ್ತದೆ.

ಹೊಸ ತಳಿಗಳಿಂದ ಉಪಯೋಗ ಇದೆ. ಸ್ವರ್ಣ-ಸಬ್1 ಭತ್ತ ಸುಮಾರು ಎರಡು ವಾರ ಮುಳುಗಿದ್ದರೂ ಮತ್ತೆ ಚಿಗುರುತ್ತದೆ. ಆದರೆ ನನಗೆ ಮರೆಯಲಾಗದ್ದು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸವಡೊಗೊ ಅವರ ಕತೆ. 1980ರ ದಶಕದ ಬರಗಾಲದಲ್ಲಿ ಜನ ಗುಳೆ ಹೊರಟಾಗ ಇವರು ಊರಲ್ಲೇ ಉಳಿದರು. ಅಲ್ಲಿನ ಹಳೆಯ 'ಜಾಯ್' ಪದ್ಧತಿಯನ್ನು ತಿದ್ದಿದರು. ಬೇಸಿಗೆಯಲ್ಲೇ ಗಟ್ಟಿ ನೆಲದಲ್ಲಿ ಗುಂಡಿ ತೋಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಗೆದ್ದಲು ಬಂತು. ಗೆದ್ದಲು ಕೊರೆದ ದಾರಿಯಲ್ಲಿ ಮಳೆನೀರು ಇಂಗಿತು. ನಾವು ಶತ್ರು ಅನ್ನುವ ಹುಳವೇ ಅಲ್ಲಿ ಉಳುಮೆ ಮಾಡಿಕೊಟ್ಟಿತು, ನೋಡು! ಜೋಳ, ಸಜ್ಜೆ ಬಂದವು. ಜೊತೆಗೆ ಮರಗಳೂ ಎದ್ದವು. ಜನ ಹುಚ್ಚ ಅಂದರು, ಕಾಡಿಗೆ ಬೆಂಕಿಯನ್ನೂ ಇಟ್ಟರು. ಅವರು ಮತ್ತೆ ನೆಟ್ಟರು. 2018ರಲ್ಲಿ, 'ಪರ್ಯಾಯ ನೊಬೆಲ್' ಅಂತ ಕರೆಯುವ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. 2023ರಲ್ಲಿ ತೀರಿಕೊಂಡರು.

ಅಂಥವರಿಗೂ ತಾವು ಬೆಳೆಸಿದ ಕಾಡು ಪಟ್ಟಣದ ನಿವೇಶನಗಳಾಗಿ ಹಂಚಿಹೋಗುವ ಭಯ ಬಂದಿತ್ತು. ಇದನ್ನು ಓದಿದಾಗ ನನಗೆ ತುಂಬಾ ನೋವಾಯಿತು. ಒಂದು ಹೆಕ್ಟೇರಿಗೆ ಗುಂಡಿ ತೋಡಲು ನೂರಾರು ಗಂಟೆಯ ದುಡಿಮೆ ಬೇಕು. ಮುಂದಿನ ವರ್ಷ ನೆಲ ಕೈಯಲ್ಲೇ ಇರುತ್ತದೋ ಇಲ್ಲವೋ ಅನ್ನುವ ಗೇಣಿದಾರ ಯಾವ ಧೈರ್ಯದ ಮೇಲೆ ತೋಡಬೇಕು?

ರೈತರು ಬದಲಾಗುತ್ತಾರೆ ಗೆಳೆಯ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಹೊಸದೊಂದನ್ನು ಮಾಡಿ ನೋಡುವ ವರ್ಷ ಬೆಳೆ ಕೈಕೊಟ್ಟರೆ ಆ ಸಾಲ ಯಾರ ತಲೆಗೆ? ಇದಕ್ಕೆ ನೀನೇನು ಹೇಳುತ್ತೀಯ? ಬಿಡುವಾದಾಗ ಬರೆ.

ನಿನ್ನ,
ಗೆಳೆಯ