ಹಳೇ ತಟ್ಟೆ ಲೋಟಾನೂ ಮ್ಯೂಸಿಯಂಗೆ ಬರ್ಲಿ

ಸಂಪಾದಕರೇ, ದಾವಣಗೆರೇಲಿ ಕಾಟನ್ ಮಿಲ್‌ಗಳ ನೆನಪಿಗೆ ಒಂದು ಮ್ಯೂಸಿಯಂ ಆಗ್ಬೇಕು, ಅದ್ರಲ್ಲಿ ಬರೀ ಮಷೀನ್ ಇಟ್ರೆ ಸಾಲಲ್ಲ, ಆ ಕಾಲದೋರು ಉಂಡ ತಟ್ಟೆ ಲೋಟಾನೂ ಇಡಿ. ಸಾಹುಕಾರ್ರ ಮನೇಲಿ ಬೆಳ್ಳಿ ತಟ್ಟೆ, ಪಿಂಗಾಣಿ ಕಪ್ಪು ಸಾಸರು, ಕೂಲಿಯೋರ ಮನೇಲಿ ಅಲ್ಯೂಮಿನಿಯಂ, ಅಂಚು ಕಿತ್ತೋದ ಎನಾಮಲ್ ತಟ್ಟೆ, ಇನ್ನೇನು ಹೇಳ್ಬೇಕು! ಆ ಪಿಂಗಾಣಿ ಕಥೆನೂ ಮಜಾ ಇದೆ, 18ನೇ ಶತಮಾನದಲ್ಲಿ ಇಂಗ್ಲೆಂಡಿನೋರು ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರಾನ ತೆಳು ಕಾಗದಕ್ಕೆ ಅಚ್ಚೊತ್ತಿ ಅದನ್ನ ಪ್ಲೇಟಿಗೆ ಇಳ್ಸೋದು ಕಲಿತ್ರು, ಕೈಯಲ್ಲಿ ಬಿಡ್ಸೋ ಖರ್ಚು ಉಳೀತು, ಮಧ್ಯಮ ವರ್ಗದೋರೂ ನೀಲಿ ಚಿತ್ರದ ಪ್ಲೇಟ್ ಕೊಂಡ್ರು. ನಮ್ಮಲ್ಲಿ ಸ್ಟೀಲ್ ಬಂದು ಹಿತ್ತಾಳೆ ಅಟ್ಟ ಸೇರ್ತು, ಕಲಾಯಿ ಹಾಕೋರ ಕೆಲಸಾನೇ ಹೋಯ್ತು. ಹಾಂ, ಹೋಟೆಲ್‌ಗಳಲ್ಲಿ ದಲಿತರಿಗೆ ಅಂತ ಬೇರೆ ಇಡ್ತಿದ್ದ ಲೋಟಾನೂ ಇಡಿ, ಮುಚ್ಚಿಡ್ಬೇಡಿ.

ಒಬ್ಬ ಓದುಗ, ದಾವಣಗೆರೆ