ಕಲ್ಚರ್ ರಿಪೋರ್ಟ್ ಓದುವವರು ಯಾರು?

ಮಾನ್ಯರೇ,

ಮೂತ್ರದ ಕಲ್ಲಿನ ಆಪರೇಷನ್ ಆದವರಿಗೆ ಸಾಲಾಗಿ ಸೋಂಕು ತಗುಲಿದ ಸುದ್ದಿಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಮುಂಜಾಗ್ರತೆಯಾಗಿ ಎಲ್ಲರಿಗೂ ಆಂಟಿಬಯಾಟಿಕ್ ಕೊಡಲಾಗಿತ್ತು’ ಎಂದು ಅಧಿಕಾರಿಗಳು ಹೇಳಿದ್ದಾರೆ. ಕೊಟ್ಟಿದ್ದು ನಿಜ. ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಆರು ರಾತ್ರಿ ಸ್ಟೂಲಿನ ಮೇಲೆ ಕೂತವಳು ನಾನು. ಏನು ಕೊಟ್ಟರು, ಯಾವಾಗ ಕೊಟ್ಟರು ಅಂತ ನನ್ನನ್ನು ಕೇಳಿ.

ನಮ್ಮ ಯಜಮಾನರಿಗೆ ಮೂತ್ರನಾಳದಲ್ಲಿ ಕಲ್ಲು. ದುರ್ಬೀನು ಹಾಕಿ ತೆಗೆಯುತ್ತೇವೆ, ಹೊಲಿಗೆ ಇಲ್ಲ, ಮಾರನೇ ದಿನ ಮನೆಗೆ ಅಂದರು. ಮೊದಲು ಮೂತ್ರದ ಕಲ್ಚರ್ ಮಾಡಿಸಿ ಅಂದರು, ಅಂದರೆ ಮೂತ್ರದಲ್ಲಿ ಯಾವ ಕ್ರಿಮಿ ಇದೆ, ಅದಕ್ಕೆ ಯಾವ ಔಷಧಿ ನಾಟುತ್ತೆ ಅಂತ ಬೆಳೆಸಿ ನೋಡುವ ಪರೀಕ್ಷೆ. ಬೆಳಿಗ್ಗೆ ಬೇಗನೆ ಹೋಗಿ ಲ್ಯಾಬಿನ ಮುಂದೆ ಸಾಲು ನಿಂತೆ. ಡಬ್ಬಿಯ ಮೇಲೆ ಹೆಸರು ಬರೆಯಲು ಅಲ್ಲಿ ಪೆನ್ನಿಲ್ಲ, ನನ್ನದನ್ನೇ ಕೊಟ್ಟೆ. ಅದು ವಾಪಸ್ ಬರಲಿಲ್ಲ, ಇರಲಿ.

ಕಲ್ಚರ್ ಅಂದರೆ ಎರಡು ಮೂರು ದಿನ ಬೇಕು. ಆದರೆ ಮಾರನೇ ದಿನವೇ ಆಪರೇಷನ್ ಮುಗಿಸಿಬಿಟ್ಟರು! ಅವತ್ತು ರಾತ್ರಿ ಚಳಿಜ್ವರ. ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಅನ್ನುತ್ತಿತ್ತು. ಕೇಳಿದರೆ ‘ಇದೆಲ್ಲ ಕಾಮನ್ ಅಮ್ಮ’. ಮೂರನೇ ದಿನ ರಿಪೋರ್ಟ್ ತಂದಿದ್ದೂ ನಾನೇ. ಈ-ಕೋಲೈ ಅನ್ನುವ ಕ್ರಿಮಿ ಬೆಳೆದಿದೆ ಅಂತಿತ್ತು. ಕೆಳಗೆ ಔಷಧಿಗಳ ಪಟ್ಟಿ. ಅಷ್ಟು ದಿನ ನುಂಗಿಸಿದ್ದ ಆಂಟಿಬಯಾಟಿಕ್ ಸಿಪ್ರೊಫ್ಲಾಕ್ಸಾಸಿನ್ ಎದುರಿಗೆ ದಪ್ಪಗೆ ‘ಆರ್’. ಅಂದರೆ ಆ ಕ್ರಿಮಿಗೆ ಈ ಮಾತ್ರೆ ನಾಟುವುದೇ ಇಲ್ಲ. ಬಹಳ ದೊಡ್ಡ ಮುಂಜಾಗ್ರತೆ!

ಆಮೇಲೆ ಬೇರೆ ಕಡೆಯ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಮೂತ್ರದಲ್ಲಿ ಕ್ರಿಮಿ ಇದ್ದರೆ ಮೊದಲು ಅದಕ್ಕೆ ಹೊಂದುವ ಔಷಧಿ, ಆಮೇಲೆ ದುರ್ಬೀನು. ಕಲ್ಲು ಒಡೆಯುವಾಗ ಒಳಗೆ ಬಿಡುವ ನೀರಿನ ಒತ್ತಡಕ್ಕೆ ಕ್ರಿಮಿ ಕಿಡ್ನಿಗೆ ಏರಿ ರಕ್ತಕ್ಕೂ ಸೇರಬಹುದು. ಕ್ರಿಮಿ ಇಲ್ಲದವರಿಗೆ ಆಪರೇಷನ್ ಶುರುವಾಗುವ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್‌ನ ಒಂದು ಡೋಸ್ ಸಾಮಾನ್ಯವಾಗಿ ಸಾಕು, 24 ಗಂಟೆ ದಾಟುವುದು ಬೇಡ. ಬರೀ ಮೂತ್ರಕೋಶ ನೋಡುವುದಕ್ಕಾದರೆ ಎಷ್ಟೋ ಜನಕ್ಕೆ ಅದೂ ಬೇಡ. ಇಲ್ಲಿ ಮಾತ್ರ ಪಂಕ್ತಿಯಲ್ಲಿ ಬಡಿಸಿದ ಹಾಗೆ ಎಲ್ಲರಿಗೂ ಹತ್ತು ದಿನದ ಆಂಟಿಬಯಾಟಿಕ್ ಚೀಟಿ. ಪಕ್ಕದ ಮಂಚದ ಅಜ್ಜನಿಗೆ ಸುಮ್ನೆ ಒಳಗೆ ನೋಡಿ ಕಳಿಸಿದ್ದು. ಅವರಿಗೂ ಅದೇ ಚೀಟಿ. ಭೇದಿ ಹತ್ತಿ ನಾಲ್ಕೇ ದಿನಕ್ಕೆ ಅಜ್ಜ ವಾಪಸ್.

ದೂರು ಕೊಡಿ ಅನ್ನುತ್ತೀರಾ? ಹೋದ ವರ್ಷ ಅತ್ತೆಯನ್ನು ಕರೆತಂದಾಗ ಲಿಫ್ಟ್ ಕೆಟ್ಟಿದೆ ಅಂತ ಬರೆದು ಕೊಟ್ಟಿದ್ದೆ. ‘ಪರಿಶೀಲಿಸಲಾಗಿದೆ’ ಅಂತ ಸೀಲು ಹೊಡೆದ ಉತ್ತರ ಬಂತು. ಲಿಫ್ಟ್ ಮಾತ್ರ ಇವತ್ತಿಗೂ ಹಾಗೇ ಇದೆ. ಯಜಮಾನರನ್ನು ಮೆಟ್ಟಿಲಲ್ಲೇ ಇಳಿಸಿದೆ, ಮೂತ್ರದ ಚೀಲ ನನ್ನ ಕೈಯಲ್ಲಿ. ‘ಚೀಲ ಸೊಂಟಕ್ಕಿಂತ ಮೇಲೆ ಎತ್ತಬೇಡಿ ಅಕ್ಕ, ಮೂತ್ರ ವಾಪಸ್ ಒಳಗೆ ಹೋಗುತ್ತೆ’ ಅಂದಿದ್ದು ಎದುರಿಗೆ ಬಂದ ವಾರ್ಡ್ ಬಾಯ್. ಡಿಸ್ಚಾರ್ಜ್ ಬರೆದವರು ಅಷ್ಟೂ ಹೇಳಿರಲಿಲ್ಲ. ಪಾರ್ಕಿಂಗ್ ದುಡ್ಡು ವಸೂಲಿಗೆ ಮಾತ್ರ ಇಬ್ಬಿಬ್ಬರು ಇರುತ್ತಾರೆ!

ಈ ಬಗ್ಗೆ ತನಿಖೆ ಆಗಬೇಕು. ಇಲ್ಲಾ ರಿಪೋರ್ಟ್ ಬರುವ ತನಕ ಕಾಯುವುದನ್ನಾದರೂ ಕಲಿಯಲಿ. ಲಿಫ್ಟ್ ಕೂಡ ಸರಿ ಮಾಡಿಸಲಿ. ರಿಪೋರ್ಟ್ ಓದುವ ಪುರುಸೊತ್ತಿಲ್ಲ ಅಂದರೆ ಆ ಡಬ್ಬಿ ಇಸಿದುಕೊಳ್ಳುವುದಾದರೂ ಯಾಕೆ?

– ನೊಂದ ಓದುಗರೊಬ್ಬರು